ಚರ್ಮವೋ, ನರವೋ?

ಕಡಲ ಬಂಡೆಗೆ ಅಂಟಿಕೊಂಡು, ಮುಟ್ಟಿದೊಡನೆ ನೀರು ಚಿಮ್ಮಿಸುವ ಚೀಲದಂತಹ ಪ್ರಾಣಿ ಸಿಯೋನ. ಅದು ನಮ್ಮ ಬಂಧುವೆಂದರೆ ನಂಬುವರಾರು? ಆದರೆ ಇಂತಹ ಪ್ರಾಣಿಯ ಮರಿಯಲ್ಲಿ, ನಮ್ಮ ಭ್ರೂಣದಲ್ಲಿರುವಂತೆಯೇ, ನರನಾಳವಿದೆಯೆಂದು ರಷ್ಯದ ಕೊವಲೆವ್‌ಸ್ಕಿ 1866ರಲ್ಲಿಯೇ ತೋರಿಸಿದರು.

ನರಮಂಡಲದ ತಳಹದಿ ಬೀಳುವುದು ಭ್ರೂಣವಿನ್ನೂ 32 ಕೋಶಗಳ ಮುದ್ದೆಯಾಗಿರುವಾಗ. ಕೆಳಭಾಗದ ಕೋಶಗಳು ಎಫ್.ಜಿ.ಎಫ್. ಎಂಬ ಪ್ರೋಟೀನನ್ನು ಸ್ರವಿಸುತ್ತವೆ. ಮೇಲ್ಭಾಗದ 16 ಕೋಶಗಳ ಪೈಕಿ ನಾಲ್ಕರಲ್ಲಿ ಮಾತ್ರ ಆ ಕರೆಗೆ ಓಗೊಟ್ಟು ‘ಓಟೆಕ್ಸ್’ ಜೀನ್ ಎಚ್ಚರಗೊಳ್ಳುತ್ತದೆ. ಅವುಗಳ ಸಂತತಿ ನರದ ಹಾದಿ ಹಿಡಿಯುತ್ತದೆ. ಕರೆಯನ್ನು ತಡೆದರೆ ಅವೇ ಕೋಶಗಳು ಚರ್ಮವಾಗುತ್ತವೆ!

ಈ ಜೀನಿನ ಬೀಗಕ್ಕೆ ಎರಡು ಕೀಲಿಗಳೆಂದು 2003ರಲ್ಲಿ ತಿಳಿದುಬಂದಿತು. ‘ಎಟ್ಸ್’ ಪ್ರೋಟೀನು ಕರೆ ಬಂದಿತೆಂದು ಸಾರುತ್ತದೆ. ‘ಗಾಟಾ’ ಪ್ರೋಟೀನು ಕೋಶವು ಮೇಲ್ಭಾಗದ್ದೆಂದು ಸಾಕ್ಷಿ ನುಡಿಯುತ್ತದೆ.

ಓಟೆಕ್ಸ್‌ನ ಸಗೋತ್ರ ಜೀನೊಂದು ಇಲ್ಲದ ಇಲಿಯ ಭ್ರೂಣದಲ್ಲಿ ಮುಮ್ಮೆದುಳೇ ಮೂಡದು. ಆ ಜೀನ್ ನಮ್ಮಲ್ಲಿಯೂ ಉಂಟು. ಬಂಡೆಯ ಮೇಲಣ ಚೀಲವು ನಮಗೆ ದಾಯಾದಿಯೇ ಸರಿ.