ಚೈನು ಹಳಿ ತಪ್ಪಿಸುವ ಕಲೆ

ಒಂದೇ ಗೇರಿನ ಸೈಕಲ್ಲಿನಲ್ಲಿ ಏರು ಹತ್ತಿದವರಿಗೆ ಗೊತ್ತು: ಮೊದಲು ಸೀಟಿನಿಂದೆದ್ದು ನಿಂತು ತುಳಿಯುತ್ತೇವೆ, ಅದೂ ಆಗದಿದ್ದರೆ ಇಳಿದು ತಳ್ಳುತ್ತೇವೆ. ಇದು ಕಾಲಿನ ಸ್ವಭಾವ. ರೂಢಿಯಿದ್ದರೆ ನಿಮಿಷಕ್ಕೆ ಎಂಬತ್ತು, ತೊಂಬತ್ತು ಸುತ್ತು ಹಗುರವಾಗಿ ತುಳಿಯುತ್ತ ಗಂಟೆಗಟ್ಟಲೆ ಸಾಗಬಹುದು. ಒಂದೊಂದು ಸುತ್ತಿಗೂ ಮೈಭಾರವೆಲ್ಲ ಹಾಕಬೇಕಾದರೆ ಬೇಗ ಸೋಲುತ್ತೇವೆ. ರಸ್ತೆ ಹೇಗೇ ಬದಲಾದರೂ ಕಾಲಿನ ಲಯ ಕೆಡದಂತೆ ಕಾಯುವುದೇ ಗೇರಿನ ಕೆಲಸ.

ಲೆಕ್ಕ ಸುಲಭ. ಪೆಡಲಿನ ಬಳಿಯ ಹಲ್ಲುಚಕ್ರಕ್ಕೆ 42 ಹಲ್ಲು, ಹಿಂದಿನದಕ್ಕೆ 24 ಎನ್ನೋಣ. ಪೆಡಲು ಒಂದು ಸುತ್ತು ಬಂದರೆ ಹಿಂದಿನ ಚಕ್ರ 1.75 ಸುತ್ತು ತಿರುಗಿ, ಸೈಕಲ್ಲು ಸುಮಾರು 3.7 ಮೀಟರ್ ಮುಂದೆ ಹೋಗುತ್ತದೆ. 1970ರ ದಶಕದ ಎಷ್ಟೋ ರೇಸ್ ಸೈಕಲ್ಲುಗಳಲ್ಲಿ ಹೆಚ್ಚುಕಡಿಮೆ ಇದೇ ಅತಿ ಹಗುರ ಗೇರು. ಇಂದಿನ ರಸ್ತೆ ಸೈಕಲ್ಲಿನಲ್ಲಿ 34ಕ್ಕೆ 32 ಹಲ್ಲಿನ ಜೋಡಿ ಸಾಮಾನ್ಯ. ಅದರಲ್ಲಿ ಒಂದು ಸುತ್ತಿಗೆ 2.2 ಮೀಟರ್. ಸವಾರ, ಸೈಕಲ್ಲು ಸೇರಿ 80 ಕಿಲೋ ಇದ್ದು, ನೂರು ಮೀಟರಿಗೆ ಎಂಟು ಮೀಟರ್ ಏರುವ ರಸ್ತೆಯಲ್ಲಿ ಹಳೆಯ ಗೇರಿಗೆ ಸರಾಸರಿ 22 ಕಿಲೋ ಭಾರದಷ್ಟು ಒತ್ತಬೇಕು. ಹೊಸದಕ್ಕೆ 13 ಕಿಲೋ ಸಾಕು. ಬೆಟ್ಟದ ಸಾಲ ಕಡಿಮೆಯಾಗುವುದಿಲ್ಲ, ಕಂತು ಮಾತ್ರ ಸಣ್ಣದಾಗುತ್ತದೆ.

ಈ ಸೌಲಭ್ಯ ಸ್ಪರ್ಧಿಗಳಿಗೆ ಸುಲಭವಾಗಿ ಸಿಗಲಿಲ್ಲ. ಟೂರ್ ದ ಫ್ರಾನ್ಸ್ ಆರಂಭಿಸಿದ ಆನ್ರಿ ದೆಗ್ರಾಂಜ್ ಗೇರು ಬದಲಿಸುವ ಯಂತ್ರವನ್ನು ವೃತ್ತಿಪರ ಸವಾರರಿಗೆ ಒಪ್ಪಿರಲಿಲ್ಲ. ಹಿಂಚಕ್ರದ ಎರಡೂ ಪಕ್ಕಕ್ಕೆ ಬೇರೆಬೇರೆ ಅಳತೆಯ ಹಲ್ಲುಚಕ್ರ ಇರುತ್ತಿತ್ತು. ಬೆಟ್ಟದ ಬುಡದಲ್ಲಿ ಇಳಿದು, ಚಕ್ರ ಬಿಚ್ಚಿ, ತಿರುಗಿಸಿ ಕೂರಿಸಬೇಕಿತ್ತು. 1937ರಲ್ಲಿ ‘ಡಿರೇಲರ್’ಗೆ ಅನುಮತಿ ಸಿಕ್ಕಿತು. ಫ್ರೆಂಚ್ ಮೂಲದ ಈ ಹೆಸರಿಗೆ ಹಳಿ ತಪ್ಪಿಸುವುದು ಎಂದೇ ಅರ್ಥ: ಓಡುತ್ತಿರುವ ಚೈನನ್ನು ಬೇಕೆಂದೇ ಹಳಿ ತಪ್ಪಿಸಿ ಪಕ್ಕದ ಹಲ್ಲಿಗೆ ಹತ್ತಿಸುವುದು.

ಹಾಗೆಂದು ಕಷ್ಟ ಮುಗಿಯಲಿಲ್ಲ. 1948ರ ಟೂರ್ ಗೆದ್ದ ಇಟಲಿಯ ಜೀನೊ ಬಾರ್ತಲಿ ಬಳಸಿದ್ದು ಕಂಪನ್ಯೋಲೊ ಕಂಪನಿಯ ‘ಕಾಂಬಿಯೊ ಕೋರ್ಸಾ’. ಅದರಲ್ಲಿ ಹಿಂಚಕ್ರದ ಬಳಿ ಎರಡು ಸರಳುಗಳು. ಸವಾರ ಓಡುವ ಸೈಕಲ್ಲಿನ ಮೇಲೆ ಕುಳಿತೇ ಹಿಂದಕ್ಕೆ ಕೈ ಚಾಚಿ ಒಂದು ಸರಳಿನಿಂದ ಚಕ್ರವನ್ನು ಸಡಿಲಿಸಬೇಕು. ಪೆಡಲನ್ನು ಹಿಮ್ಮುಖವಾಗಿ ತುಳಿಯುತ್ತ ಇನ್ನೊಂದರಿಂದ ಚೈನನ್ನು ಸರಿಸಬೇಕು. ಚಕ್ರ ಮತ್ತೆ ನೆಟ್ಟಗೆ ಕೂತ ಮೇಲೆ ಬಿಗಿಯಬೇಕು. ದಾರಿ ನೋಡಲು ಕಣ್ಣು, ಹ್ಯಾಂಡಲ್ ಹಿಡಿಯಲು ಉಳಿದದ್ದು ಒಂದೇ ಕೈ.

ಮುಂದಿನ ಕೆಲವು ದಶಕ ಆಳಿದ್ದು ಕೇಬಲ್ಲಿನ ಲಿವರು. ಫ್ರೇಮಿನ ಕೆಳಕೊಳವೆಯ ಇಕ್ಕೆಲಕ್ಕೆ ಎರಡು ಪುಟ್ಟ ಲಿವರುಗಳು. ಎಲ್ಲಿ ನಿಲ್ಲಿಸಿದರೆ ಅಲ್ಲಿ ಘರ್ಷಣೆಯ ಬಲದಿಂದ ನಿಲ್ಲುತ್ತವೆ. ‘ಇದು ಮೂರನೇ ಗೇರು’ ಎಂದು ಹೇಳುವ ಗುರುತಿಲ್ಲ. ಕೈ ಇಳಿಸಿ, ಲಿವರನ್ನು ಮೆಲ್ಲಗೆ ಎಳೆದರೆ ಚೈನು ಕರಕರ ಎನ್ನುತ್ತದೆ. ಇನ್ನಷ್ಟು ಎಳೆದರೆ ದೊಡ್ಡ ಹಲ್ಲಿಗೆ ಹತ್ತುತ್ತದೆ. ಕೂದಲೆಳೆಯಷ್ಟು ಹಿಂದಕ್ಕೆ ಬಿಟ್ಟರೆ ಸದ್ದು ಅಡಗುತ್ತದೆ. ಆ ಮೌನವೇ ಗೇರು ಸರಿಯಾಗಿ ಕೂತ ಗುರುತು. ಗೇರಿನ ಜಾಗ ಗೊತ್ತಿದ್ದದ್ದು ಸವಾರನ ಬೆರಳಿಗೆ, ಕಿವಿಗೆ.

ಆ ತಿಳಿವನ್ನು ಯಂತ್ರಕ್ಕೆ ಕಲಿಸಿದ್ದು ಜಪಾನ್. ಸನ್‌ಟೂರ್ ಕಂಪನಿ 1964ರಲ್ಲಿ ಓರೆಯಾಗಿ ಚಲಿಸುವ ಡಿರೇಲರ್ ರೂಪಿಸಿತು. ಹಲ್ಲುಚಕ್ರ ಚಿಕ್ಕದಿರಲಿ ದೊಡ್ಡದಿರಲಿ, ಚೈನನ್ನು ನಡೆಸುವ ಪುಟ್ಟ ಗಾಲಿ ಅದರಿಂದ ಹೆಚ್ಚುಕಡಿಮೆ ಅಷ್ಟೇ ಅಂತರದಲ್ಲಿ ಉಳಿಯುವಂತಾಯಿತು. ಆ ಪೇಟೆಂಟಿನ ಅವಧಿ ತೀರಿದ ಹೊತ್ತಿಗೆ, 1984ರಲ್ಲಿ, ಶಿಮಾನೊ ತನ್ನ ಡ್ಯೂರಾ-ಏಸ್ ಸರಣಿಯಲ್ಲಿ ಲಿವರಿನೊಳಗೇ ಗುಳಿಗಳನ್ನು ಕೊರೆದು ಕೊಟ್ಟಿತು. ‘ಟಕ್’ ಎಂದರೆ ಕೇಬಲ್ಲು ಗೊತ್ತಾದಷ್ಟೇ ಉದ್ದ ಜಗ್ಗುತ್ತದೆ, ಚೈನು ಒಂದೇ ಮೆಟ್ಟಿಲು ಸರಿಯುತ್ತದೆ. 1990ರಲ್ಲಿ ಲಿವರು ಬ್ರೇಕಿನೊಂದಿಗೇ ಸೇರಿತು. ಗೇರಿಗಾಗಿ ಕೈ ಹ್ಯಾಂಡಲ್ ಬಿಡುವುದು ತಪ್ಪಿತು. 2009ರಲ್ಲಿ ಅದೇ ಸರಣಿಗೆ ಬ್ಯಾಟರಿ, ಮೋಟಾರು ಬಂದು ಕೇಬಲ್ಲೂ ಹೋಯಿತು. ಹಿಂಚಕ್ರದಲ್ಲಿ ಐದಿದ್ದ ಹಲ್ಲುಚಕ್ರಗಳು ಇಂದು ಹನ್ನೆರಡಾಗಿವೆ. ಅವು ಹಿಡಿಸಲೆಂದು ಏಳೆಂಟು ಮಿಲಿಮೀಟರಿದ್ದ ಚೈನಿನ ಅಗಲ ಐದರ ಆಸುಪಾಸಿಗೆ ಇಳಿದಿದೆ.

ಹೊಸದು ಕಾಲಿನ ಶಕ್ತಿಯನ್ನು ಹೆಚ್ಚಿಸಿತೇ? ಇಲ್ಲ. ಶುಚಿಯಾಗಿ ಎಣ್ಣೆ ಹಾಕಿದ ಚೈನು, ಹಳೆಯದಾಗಲಿ ಹೊಸದಾಗಲಿ, ಕಾಲಿನ ಶಕ್ತಿಯ ಶೇ 95ಕ್ಕೂ ಹೆಚ್ಚನ್ನು ಚಕ್ರಕ್ಕೆ ಮುಟ್ಟಿಸುತ್ತದೆ. ಗೆಲುವು ಬೇರೆಡೆ ಇದೆ: ಹಗುರ ಗೇರುಗಳು ಸಿಕ್ಕವು, ಒಂದಕ್ಕೂ ಇನ್ನೊಂದಕ್ಕೂ ನಡುವಿನ ಜಿಗಿತ ಕಿರಿದಾಯಿತು, ಕೈ ಬ್ರೇಕಿನ ಮೇಲೇ ಉಳಿಯಿತು. ಇದಕ್ಕೆ ತೆತ್ತ ಬೆಲೆಯೂ ಇದೆ. ಡಿರೇಲರ್ ಸ್ವಲ್ಪ ಬಾಗಿದರೂ ಹಳೆಯ ಲಿವರಿನಲ್ಲಿ ಬೆರಳು ಅದನ್ನು ಸರಿದೂಗಿಸುತ್ತಿತ್ತು. ಹೊಸದು ಒಂದು ಮಿಲಿಮೀಟರಿನ ತಪ್ಪಿಗೂ ಗೇರು ಹಾರಿಸುತ್ತದೆ. ಬ್ಯಾಟರಿ ಬರಿದಾದರೆ ಗೇರು ಇದ್ದಲ್ಲೇ ನಿಲ್ಲುತ್ತದೆ.

ನನ್ನ ಮಟ್ಟಿಗೆ ಇದು ನಷ್ಟವಲ್ಲ. ಕೈಗೆ ಬಿಡುವು ಸಿಕ್ಕಷ್ಟೂ ಹೊಸಬರು ಧೈರ್ಯದಿಂದ ಬೆಟ್ಟ ಹತ್ತುತ್ತಾರೆ. ಆದರೆ ಒಂದು ಕೆಲಸ ಇನ್ನೂ ಸವಾರನದೇ. ಭಾರ ಬಿದ್ದು ಬಿಗಿದ ಚೈನು ಯಾವ ಯಂತ್ರದಲ್ಲೂ ಸಲೀಸಾಗಿ ಸರಿಯದು. ಏರು ಶುರುವಾಗುವ ಮುನ್ನವೇ, ಕಾಲಿನ ಒತ್ತಡವನ್ನು ಒಂದು ಕ್ಷಣ ಸಡಿಲಿಸಿ ಗೇರು ಇಳಿಸಬೇಕು. ತಿರುವಿನಾಚೆಗೆ ಏರಿದೆ ಎಂದು ಮೊದಲೇ ಅರಿಯುವ ಕಣ್ಣು ಬಾರ್ತಲಿಗೂ ಬೇಕಿತ್ತು, ಬ್ಯಾಟರಿ ಗೇರಿನ ಸವಾರರಿಗೂ ಬೇಕು.