ಹಂಪಿಯಲ್ಲಿ ಹತ್ತು ಹೆಜ್ಜೆ ಪಕ್ಕಕ್ಕೆ

ವಿಜಯ ವಿಠ್ಠಲ ದೇಗುಲದ ಅಂಗಳಕ್ಕೆ ಎಳೆ ಬಿಸಿಲು ಬಿದ್ದಿದೆ. ಐವತ್ತು ರೂಪಾಯಿ ನೋಟಿನ ಕಲ್ಲಿನ ತೇರು ಕಣ್ಣೆದುರೇ ನಿಂತಿದೆ. ಬಂದವರೆಲ್ಲ ಅದರ ನೇರ ಎದುರು ನಿಂತು, ಒಂದೇ ದೂರದಿಂದ, ಎದೆಮಟ್ಟದಲ್ಲಿ ಮೊಬೈಲ್ ಹಿಡಿಯುತ್ತಾರೆ. ನಡುವೆ ತೇರು, ಗಾಲಿಯ ಬುಡದಲ್ಲಿ ಯಾರದೋ ನೀರಿನ ಬಾಟಲಿ, ಅಂಚಿನಲ್ಲಿ ಅರ್ಧ ತುಂಡಾದ ಭುಜ. ಎಂಥ ಒಳ್ಳೆಯ ಕ್ಯಾಮೆರಾ ಇದ್ದರೂ ಇಲ್ಲಿ ಚಿತ್ರ ಸೋಲುತ್ತದೆ, ಏಕೆಂದರೆ ನಿಂತ ಜಾಗವನ್ನು ಯಾರೂ ಆರಿಸಿಕೊಂಡಿಲ್ಲ.

ಹತ್ತು ಹೆಜ್ಜೆ ಸರಿದು ಬದಿಯ ಮಂಟಪದ ನೆರಳಿಗೆ ಹೋಗಿ. ಎರಡು ಪಕ್ಕಕ್ಕೂ ಕಂಬ, ಮೇಲೆ ತೊಲೆ, ನಡುವಿನ ಬೆಳಕಿನಲ್ಲಿ ತೇರು. ಕಲ್ಲೇ ಚೌಕಟ್ಟು ಹಾಕಿಕೊಟ್ಟಿದೆ. ಬಾಟಲಿಯೂ ಭುಜವೂ ಕಂಬದ ಮರೆಗೆ ಹೋದವು. ಮೊಬೈಲ್ ಪರದೆಯಲ್ಲಿ ತೇರಿನ ಮೇಲೆ ಬೆರಳೊತ್ತಿದರೆ ಬೆಳಕು ಅದಕ್ಕೆ ಹೊಂದಿಕೊಂಡು ಕಂಬಗಳು ಕಪ್ಪಾಗುತ್ತವೆ. ಹಾಗಾಗಲಿ ಬಿಡಿ, ಅದೇ ಚೆಂದ.

1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಇದೇ ತೇರನ್ನು ಕಾಗದದ ನೆಗೆಟಿವ್ ಮೇಲೆ ಹಿಡಿದಿಟ್ಟ. ಆಗ ಇದರ ನೆತ್ತಿಯ ಮೇಲೆ ಇಟ್ಟಿಗೆಯ ಗೋಪುರವಿತ್ತು. ಇಂದು ತೇರಿನ ಮೇಲೆ ಅದಿಲ್ಲ, ಅವನ ಚಿತ್ರದಲ್ಲಿದೆ. ಆ ಕಾಲದ ಭಾರದ ಕ್ಯಾಮೆರಾ, ನಿಧಾನವಾಗಿ ಬೆಳಕು ಹೀರುವ ಕಾಗದ; ಟ್ರೈಪಾಡ್ ಊರುವ ಮೊದಲೇ ಜಾಗ ಗೊತ್ತುಮಾಡಿಕೊಳ್ಳಬೇಕಿತ್ತು. ನಮಗೆ ಆ ಕಟ್ಟುಪಾಡಿಲ್ಲ, ಆದರೂ ಕ್ಲಿಕ್ಕಿಸುವ ಮುನ್ನ ಒಮ್ಮೆ ನಾಲ್ಕೂ ಅಂಚುಗಳ ಮೇಲೆ ಕಣ್ಣಾಡಿಸುವುದು ನನಗೆ ಪೂಜೆಯಷ್ಟೇ ಮುಖ್ಯ.

ವಿರೂಪಾಕ್ಷ ಬಜಾರಿನಲ್ಲಿ ಬೀದಿಯೇ ಕಣ್ಣನ್ನು ಎಳೆದೊಯ್ಯುತ್ತದೆ. ಮಾತಂಗ ಬೆಟ್ಟದ ಬುಡದಲ್ಲಿ, ಎದುರು ಬಸವಣ್ಣನೆಂಬ ಕಲ್ಲಿನ ನಂದಿಯ ಕಡೆಯಿಂದ ಪಶ್ಚಿಮಕ್ಕೆ ನೋಡಿ: ಇಕ್ಕೆಲದ ಕಂಬಸಾಲುಗಳು ಕಿರಿದಾಗುತ್ತ ವಿರೂಪಾಕ್ಷ ದೇಗುಲದ ಗೋಪುರದ ಬುಡಕ್ಕೆ ಹೋಗಿ ಸೇರುತ್ತವೆ. ಬೆಳಿಗ್ಗೆಯಾದರೆ ಸೂರ್ಯ ನಿಮ್ಮ ಬೆನ್ನಿಗಿದ್ದು ಗೋಪುರ ಪೂರ್ತಿ ಬೆಳಗಿರುತ್ತದೆ. ಮಂಡಿಯೂರಿ ಕುಳಿತರೆ ಬೀದಿಯ ನೆಲವೂ ಆ ಎಳೆತಕ್ಕೆ ಜೊತೆಯಾಗುತ್ತದೆ.

ಹೇಮಕೂಟ ಬೆಟ್ಟದಲ್ಲಿ ಸಂಜೆ. ಮೊಬೈಲಿನ ಗ್ರಿಡ್ ಚಿತ್ರವನ್ನು ಅಡ್ಡಕ್ಕೂ ಉದ್ದಕ್ಕೂ ಮೂರು ಪಾಲು ಮಾಡುತ್ತದೆ. ಬಾನಿನಲ್ಲಿ ಮೋಡಗಳ ಮೆರವಣಿಗೆ ಇದ್ದರೆ ದಿಗಂತವನ್ನು ಕೆಳಗಿನ ಗೆರೆಗಿಳಿಸಿ. ಬಾನು ಬರಿದಾಗಿದ್ದರೆ ಮೇಲಿನ ಗೆರೆಗೇರಿಸಿ, ಬಂಡೆಗಳು ಮಾತಾಡಲಿ. ಒಬ್ಬ ಮನುಷ್ಯ ಬಂಡೆಯೊಂದರ ಪಕ್ಕ ಹಾದುಹೋಗುವವರೆಗೆ ಕಾದರೆ ಆ ಬಂಡೆ ಎಷ್ಟು ದೊಡ್ಡದೆಂದು ನೋಡುಗನಿಗೆ ತಿಳಿಯುತ್ತದೆ.

ಆದರೆ ಆನೆಲಾಯದ ಮುಂದೆ ಈ ಮೂರು ಪಾಲಿನ ಲೆಕ್ಕ ಮರೆತುಬಿಡಿ. ಹನ್ನೊಂದು ಕೋಣೆ, ಸಾಲು ಗುಮ್ಮಟ, ನಡುವಿನದು ಎತ್ತರ. ಕಟ್ಟಿದವರೇ ಸಮ ಪಾಲು ಮಾಡಿಟ್ಟಿದ್ದಾರೆ. ಸರಿಯಾಗಿ ನಡುವೆ ನಿಲ್ಲುವುದೇ ಅವರಿಗೆ ಸಲ್ಲಿಸುವ ಗೌರವ. ಕೊಂಚ ಆಚೀಚೆಯಾದರೂ ಕಣ್ಣಿಗೆ ಚುಚ್ಚುತ್ತದೆ.

ಇನ್ನು ತುಂಗಭದ್ರೆಯ ಹರಿಗೋಲು. ಅದು ಸಾಗುವ ದಿಕ್ಕಿಗೆ ಹೆಚ್ಚು ನೀರು ಬಿಡಿ, ಹಿಂದೆ ಕಡಿಮೆ. ಹುಟ್ಟು ಹಾಕುವವನ ಮುಂದೆ ಹೊಳೆ ತೆರೆದಿದ್ದರೆ ಅವನ ಪಯಣ ಕಾಣುತ್ತದೆ. ಚೌಕಟ್ಟಿನ ಅಂಚಿಗೆ ಮೂಗು ತಾಗಿದ್ದರೆ ಅಲ್ಲೇ ಸಿಕ್ಕಿಬಿದ್ದಂತೆ ಕಾಣುತ್ತಾನೆ. ಈ ಹರಿಗೋಲು ತಪ್ಪಿಹೋದರೆ ದಡದಲ್ಲೇ ಕೂತಿರಿ, ಇನ್ನೊಂದು ಬರುತ್ತದೆ.