ಅಲುಗಾಟದ ನಿದಾನ: ಪಿಕಪ್ ವಾಹನವೂ ಅದರ ಹಿಂದಿನ ಟ್ರೇಲರೂ

ಕನ್ನಡದಲ್ಲಿ ಅಲುಗಾಟಕ್ಕೆ ಒಂದೇ ಹೆಸರಿಲ್ಲ. ಅದಿರುವುದು ಬೇರೆ, ಕುಲುಕುವುದು ಬೇರೆ, ಜಗ್ಗುವುದು ಬೇರೆ, ಓಲಾಡುವುದು ಬೇರೆ. ವೀಣೆಯ ತಂತಿ ಅದಿರುತ್ತದೆ, ಕಲ್ಲುದಾರಿಯ ಬಂಡಿ ಕುಲುಕುತ್ತದೆ, ಕಟ್ಟಿದ ಕರು ಹಗ್ಗವನ್ನು ಜಗ್ಗುತ್ತದೆ, ತೊಟ್ಟಿಲು ಓಲಾಡುತ್ತದೆ. ಪದಗಳ ಈ ಭೇದವು ಕೇವಲ ನಿಘಂಟುಕಾರರ ವಿಲಾಸವಲ್ಲ. ಪಿಕಪ್ ವಾಹನದ ಹಿಂದೆ ಸಣ್ಣ ಟ್ರೇಲರನ್ನು ಕಟ್ಟಿಕೊಂಡು ಹೋಗುವವನಿಗೆ ಅದು ನಿತ್ಯೋಪಯೋಗಿಯಾದ ಜ್ಞಾನ. ಕೆಲವೊಮ್ಮೆ ಪ್ರಾಣರಕ್ಷಕವಾದ ಜ್ಞಾನ.

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಲ್ಲಿ ಬೆಟ್ಟದ ಸೊಪ್ಪು, ಕೊಟ್ಟಿಗೆಯ ಗೊಬ್ಬರ, ಅಡಿಕೆಯ ಮೂಟೆ, ಬಾಳೆಗೊನೆ, ದಾಸೋಹಕ್ಕೆ ಭಕ್ತರು ಸಲ್ಲಿಸುವ ಅಕ್ಕಿ ತೆಂಗಿನಕಾಯಿಗಳು ಹಿಂದೆ ಎತ್ತಿನ ಬಂಡಿಯಲ್ಲಿ ಸಾಗುತ್ತಿದ್ದವು. ಬಳಿಕ ಜೀಪು ಬಂದಿತು, ಈಗ ಪಿಕಪ್ ಬಂದಿದೆ. ಹೊರೆ ಹೆಚ್ಚಾದಾಗ ಹಿಂದೊಂದು ಟ್ರೇಲರು. ಶಿರಸಿಯಿಂದ ಕುಮಟೆಗೆ ದೇವಿಮನೆ ಘಟ್ಟ, ಯಲ್ಲಾಪುರದಿಂದ ಅಂಕೋಲೆಗೆ ಅರಬೈಲು ಘಟ್ಟ; ಇಳಿಜಾರಿನಲ್ಲಿ ಅಂಕುಡೊಂಕಾದ ದಾರಿ. ಇಂಥಲ್ಲಿ ‘ಗಾಡಿ ನಡುಗುತ್ತದೆ’ ಎಂಬ ದೂರು ಹಗುರವಾದುದಲ್ಲ. ಆದರೆ ಬಹುತೇಕ ನಡೆಯುವುದೇನು? ಒಬ್ಬನು ಟೈರು ಬದಲಿಸೆನ್ನುತ್ತಾನೆ, ಇನ್ನೊಬ್ಬನು ಶಾಫ್ಟ್ ಬಿಚ್ಚೆನ್ನುತ್ತಾನೆ. ಹಣ ಕರಗುತ್ತದೆ, ನಡುಕ ಉಳಿಯುತ್ತದೆ. ರೋಗವನ್ನು ತಿಳಿಯದೆ ಔಷಧವನ್ನು ಕೊಡುವುದೆಂದರೆ ಇದೇ.

ನಮ್ಮ ತರ್ಕಶಾಸ್ತ್ರವು ಕಾರಣವನ್ನು ಗೊತ್ತುಮಾಡಲು ಅನ್ವಯ–ವ್ಯತಿರೇಕಗಳೆಂಬ ಎರಡು ಕೈದೀವಿಗೆಗಳನ್ನು ಕೊಟ್ಟಿದೆ. ಒಂದಿದ್ದರೆ ಇನ್ನೊಂದಿರುವುದು ಅನ್ವಯ. ಅದಿಲ್ಲದಿದ್ದರೆ ಇದೂ ಇಲ್ಲದಿರುವುದು ವ್ಯತಿರೇಕ. ಇದನ್ನು ರಸ್ತೆಗಿಳಿಸಿದರೆ ನಾಲ್ಕು ಪರೀಕ್ಷೆಗಳಾಗುತ್ತವೆ. ಶಿರಸಿಯಿಂದ ಬನವಾಸಿಯ ಕಡೆಗಿರುವಂಥ, ಏರಿಳಿತ ಕಡಿಮೆಯಿರುವ ಒಂದೇ ದಾರಿಯಲ್ಲಿ, ಒಂದೇ ವೇಗದಲ್ಲಿ, ಮೊದಲು ಟ್ರೇಲರಿಲ್ಲದೆ ಓಡಿಸಬೇಕು. ಎರಡನೆಯ ಬಾರಿ ಬರಿದಾದ ಟ್ರೇಲರಿನೊಡನೆ. ಮೂರನೆಯ ಬಾರಿ ಹೊರೆ ತುಂಬಿದ ಟ್ರೇಲರಿನೊಡನೆ. ನಾಲ್ಕನೆಯ ಬಾರಿ ಟ್ರೇಲರನ್ನು ಮನೆಯಲ್ಲೇ ಬಿಟ್ಟು, ಆ ಹೊರೆಯನ್ನು ವಾಹನದ ಮಿತಿಯೊಳಗೆ ಪಿಕಪ್ಪಿನ ಮೇಲೆಯೇ ಹೇರಿ. ಮೊದಲನೆಯದರಲ್ಲೇ ನಡುಕ ಕಂಡರೆ ಟ್ರೇಲರು ನಿರಪರಾಧಿ. ನಾಲ್ಕನೆಯದರಲ್ಲಿ ಕಂಡರೂ ದೋಷ ವಾಹನದ್ದೇ. ಹೊರೆ ಅದನ್ನು ಹೊರಗೆಡಹಿತಷ್ಟೆ. ಎರಡನೆಯ ಮೂರನೆಯವುಗಳಲ್ಲಿ ಮಾತ್ರ ಕಂಡರೆ ಟ್ರೇಲರನ್ನೂ ಕೊಂಡಿಯನ್ನೂ ಶೋಧಿಸಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕೆಂಬ ನಿಯಮವನ್ನು ಮಾತ್ರ ಮರೆಯಬಾರದು. ಎರಡನ್ನು ಒಟ್ಟಿಗೆ ಬದಲಿಸಿದವನಿಗೆ ಗುಣವಾದರೂ ಕಾರಣ ತಿಳಿಯದು.

ಇನ್ನು ಅಲುಗಾಟದ ಜಾತಿಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು ಅದಿರು. ಇದು ತಿರುಗುವ ವಸ್ತುವಿನಿಂದ ಹುಟ್ಟುವುದು. ಆದುದರಿಂದ ಲೆಕ್ಕಕ್ಕೆ ಸಿಕ್ಕುವುದು. ಪಿಕಪ್ಪಿನ ಚಕ್ರದ ಸುತ್ತಳತೆ ಸುಮಾರು ೨.೨ ಮೀಟರು ಎಂದಿಟ್ಟುಕೊಳ್ಳೋಣ. ಗಂಟೆಗೆ ೬೦ ಕಿಲೋಮೀಟರು ವೇಗವೆಂದರೆ ಸೆಕೆಂಡಿಗೆ ಸುಮಾರು ೧೭ ಮೀಟರು. ಅಂದರೆ ಚಕ್ರವು ಸೆಕೆಂಡಿಗೆ ಏಳೆಂಟು ಸುತ್ತು ತಿರುಗುತ್ತದೆ. ಟ್ರೇಲರಿನ ಚಿಕ್ಕ ಚಕ್ರದ ಸುತ್ತಳತೆ ೧.೭ ಮೀಟರಾದರೆ ಅದು ಹತ್ತು ಸುತ್ತು. ಪ್ರೊಪೆಲ್ಲರ್ ಶಾಫ್ಟ್ ಹಿಂದಿನ ಚಕ್ರದ ಸುಮಾರು ನಾಲ್ಕರಷ್ಟು ವೇಗದಲ್ಲಿ ತಿರುಗುವುದರಿಂದ ಮೂವತ್ತು ಸುತ್ತು. ಆದಕಾರಣ ಚಕ್ರದ ದೋಷವು ಮೈಗೆ ಬಡಿತವಾಗಿ ತಟ್ಟುತ್ತದೆ. ಶಾಫ್ಟಿನ ದೋಷವು ಝೇಂಕಾರದಂತೆ ಕಿವಿಗೂ ಪಾದಕ್ಕೂ ತಾಗುತ್ತದೆ. ವೇಗವನ್ನು ಬದಲಿಸದೆ ಗೇರನ್ನು ಮಾತ್ರ ಬದಲಿಸಿದಾಗ ಅದಿರು ಬದಲಾದರೆ ಅದು ಇಂಜಿನ್ನಿಗೆ ಸೇರಿದ್ದು. ಬದಲಾಗದಿದ್ದರೆ ಚಕ್ರ ಅಥವಾ ಶಾಫ್ಟಿಗೆ ಸೇರಿದ್ದು.

ಹೊರೆಯಿಂದ ಪಿಕಪ್ಪಿನ ಹಿಂಭಾಗ ಕುಸಿದಾಗ ಶಾಫ್ಟಿನ ಕೋನ ಬದಲಾಗುತ್ತದೆ. ಮೆಕ್ಯಾನಿಕರು ‘ಕ್ರಾಸ್’ ಎನ್ನುವ ಅದರ ಕೀಲುಗಳು ಕೋನ ತಪ್ಪಿದಾಗ ಪ್ರತಿ ಸುತ್ತಿಗೆ ಎರಡು ಬಾರಿ ಮಿಡಿಯುತ್ತವೆ. ನಿಂತ ಗಾಡಿ ಏರಿನಲ್ಲಿ ಹೊರಡುವಾಗ ನಡುಗಿ, ವೇಗ ಹಿಡಿದ ಮೇಲೆ ಶಾಂತವಾದರೆ ಸಂಶಯ ಮೊದಲು ಹೋಗಬೇಕಾದುದು ಈ ಕ್ರಾಸುಗಳಿಗೆ, ಶಾಫ್ಟಿನ ನಡುವಣ ಬೇರಿಂಗಿಗೆ, ಕ್ಲಚ್ಚಿಗೆ, ಇಂಜಿನ್ನಿನ ಕೆಳಗಿನ ರಬ್ಬರಿಗೆ. ಬ್ರೇಕು ಒತ್ತಿದಾಗ ಮಾತ್ರ ಅದಿರಿದರೆ ಡ್ರಮ್ಮು ಡಿಸ್ಕುಗಳನ್ನು ನೋಡಬೇಕು.

ಎರಡನೆಯದು ಕುಲುಕು, ಮೇಲಕ್ಕೂ ಕೆಳಕ್ಕೂ ಆಗುವ ಚಲನೆ. ಬರಿದಾದ ಟ್ರೇಲರು ತುಂಬಿದ್ದಕ್ಕಿಂತ ಹೆಚ್ಚು ಕುಲುಕುವುದು ಸಹಜ. ಹೊರೆಗೆಂದು ಮಾಡಿದ ಕಮಾನು ಪಟ್ಟಿಗಳು ಹೊರೆಯಿಲ್ಲದಾಗ ಬಾಗುವುದಿಲ್ಲ. ಟೈರಿನಲ್ಲಿ ಗಾಳಿ ಅತಿಯಾಗಿದ್ದರಂತೂ ಚೆಂಡಿನಂತೆ ಪುಟಿಯುತ್ತದೆ. ಆದರೆ ತುಂಬಿದ ಮೇಲೂ ಸಮತಟ್ಟಾದ ದಾರಿಯಲ್ಲಿ ಕುಲುಕು ನಿಲ್ಲದಿದ್ದರೆ ಮುರಿದ ಪಟ್ಟಿಯೋ ಸವೆದ ಬುಷ್ಷೋ ಒಳಪದರ ಬಿಟ್ಟು ಉಬ್ಬಿದ ಟೈರೋ ಇರಬೇಕು. ಮಳೆಗಾಲವಿಡೀ ಒಂದೇ ಕಡೆ ನಿಂತ ಟ್ರೇಲರಿನ ಟೈರು ನೆಲಕ್ಕೆ ತಾಗಿದ ಕಡೆ ಚಪ್ಪಟೆಯಾಗಿರುವುದೂ ಉಂಟು.

ಮೂರನೆಯದು ಜಗ್ಗು. ಹೊರಡುವಾಗ, ನಿಲ್ಲುವಾಗ, ಗೇರು ಬದಲಿಸುವಾಗ ಹಿಂದಿನಿಂದ ‘ಧಡಕ್’ ಎಂದು ಗುದ್ದಿದಂತಾದರೆ ಕೊಂಡಿಯಲ್ಲಿ ಸಡಿಲವಿದೆ ಎಂದರ್ಥ. ಗೂಟ, ಬಳೆ, ಬೋಲ್ಟುಗಳ ಸವೆತವನ್ನು ಕಣ್ಣಾರೆ ನೋಡಬೇಕು. ಅಡಗು ಬೋಲ್ಟಾಗಿ ಯಾವುದೋ ಕಬ್ಬಿಣದ ತುಂಡನ್ನು ತೂರಿಸಿ ಸಾಗುವುದು ಸಲ್ಲದು.

ನಾಲ್ಕನೆಯದು ಓಲಾಟ, ಟ್ರೇಲರು ಹಾವಿನ ಬಾಲದಂತೆ ಎಡಬಲಕ್ಕೆ ಬೀಸುವುದು. ಮೊದಲ ಮೂರು ಕಾಯಿಲೆಗಳಾದರೆ ಇದು ಗಂಡಾಂತರ. ಇದರ ಮುಖ್ಯ ಕಾರಣವನ್ನು ನಮ್ಮ ಬಂಡಿ ಹೊಡೆಯುವವರು ಬಲ್ಲರು. ಹೊರೆ ಮುಂದಾದರೆ ಮುಂಭಾರ, ಎತ್ತಿನ ಹೆಗಲು ಕುಸಿಯುತ್ತದೆ. ಹಿಂದಾದರೆ ಹಿಂಭಾರ, ನೊಗವೇ ಮೇಲಕ್ಕೇಳುತ್ತದೆ. ಅವರು ತುಸು ಮುಂಭಾರವನ್ನೇ ಇಡುತ್ತಿದ್ದರು. ಟ್ರೇಲರಿನ ನ್ಯಾಯವೂ ಅದೇ: ಹೊರೆಸಹಿತ ಒಟ್ಟು ತೂಕದಲ್ಲಿ ನೂರಕ್ಕೆ ೧೦ರಿಂದ ೧೫ ಭಾಗ ಕೊಂಡಿಯ ಮೇಲಿರಬೇಕು. ಒಟ್ಟು ೬೦೦ ಕಿಲೋ ಇದ್ದರೆ ಕೊಂಡಿಯ ಮೇಲೆ ೬೦ರಿಂದ ೯೦ ಕಿಲೋ. ಇದನ್ನು ಅಳೆಯುವುದು ಕಷ್ಟವಲ್ಲ. ಸಮನೆಲದಲ್ಲಿ ಟ್ರೇಲರಿನ ಚಕ್ರಗಳಿಗೆ ಕಲ್ಲು ಕೊಟ್ಟು, ಅಡಿಕೆಯ ಮೂಟೆ ತೂಗುವ ಯಂತ್ರದ ಮೇಲೆ ಮರದ ತುಂಡನ್ನಿಟ್ಟು, ಕೊಂಡಿಯ ತಲೆಯನ್ನು ಅದರ ಎಂದಿನ ಎತ್ತರದಲ್ಲಿ ಅದರ ಮೇಲೆ ಕೂರಿಸಿದರೆ ಅಂಕಿಯೇ ಹೇಳುತ್ತದೆ. ತೂಕ ಕಡಿಮೆ ಬಂದರೆ ಭಾರದ ಮೂಟೆಗಳನ್ನು ಅಚ್ಚಿನ ಮುಂದಕ್ಕೆ ಸರಿಸಬೇಕು.

ಓಲಾಟಕ್ಕೆ ಅಚ್ಚಿನ ಓರೆಯೂ ಕಾರಣವಾಗಬಹುದು. ಕೊಂಡಿಯ ನಡುಬಿಂದುವಿನಿಂದ ಅಚ್ಚಿನ ಎರಡು ತುದಿಗಳಿಗೆ ಹಗ್ಗ ಹಿಡಿದು ನೋಡಿದರೆ ಅಳತೆ ಸಮನಾಗಿರಬೇಕು. ಒಂದು ಟೈರು ಒಂದೇ ಅಂಚಿನಲ್ಲಿ ಸವೆದಿದ್ದರೆ ಅದೂ ಇದೇ ದೋಷಕ್ಕೆ ಸಾಕ್ಷಿಯಾಗಬಹುದು. ಚಕ್ರವನ್ನು ಜಾಕಿನಿಂದೆತ್ತಿ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಆಡಿದರೆ ಬೇರಿಂಗು ಸಡಿಲ. ಹತ್ತು ಮೈಲಿ ಹೋಗಿ ನಿಂತಾಗ ಎರಡು ಗುಂಬಗಳ ಬಳಿ ಅಂಗೈಯ ಹಿಂಬದಿಯನ್ನು ಹಿಡಿದು ನೋಡಿ. ಒಂದು ಇನ್ನೊಂದಕ್ಕಿಂತ ಬಹಳ ಬಿಸಿಯಾಗಿದ್ದರೆ ಮುಂದಕ್ಕೆ ಸಾಗದಿರುವುದೇ ವಿವೇಕ.

ದಾರಿಯಲ್ಲಿ ಓಲಾಟ ಆರಂಭವಾದರೆ ಬ್ರೇಕನ್ನು ಜೋರಾಗಿ ತುಳಿಯಬಾರದು. ವೇಗ ಹೆಚ್ಚಿಸಿ ಎಳೆದು ನೇರಮಾಡುವ ಸಾಹಸವೂ ಕೂಡದು. ಸ್ಟಿಯರಿಂಗನ್ನು ನೇರವಾಗಿ ಹಿಡಿದು, ಆಕ್ಸಿಲರೇಟರಿನಿಂದ ಕಾಲನ್ನು ಮೆಲ್ಲನೆ ತೆಗೆದು, ವೇಗ ತಾನಾಗಿ ಇಳಿಯಲು ಬಿಡಬೇಕು. ಘಟ್ಟದ ನೆತ್ತಿಯಲ್ಲೇ ಕೆಳಗೇರಿಗೆ ಬರಬೇಕು. ಸಣ್ಣ ಟ್ರೇಲರುಗಳಲ್ಲಿ ಅನೇಕಕ್ಕೆ ಸ್ವಂತ ಬ್ರೇಕಿಲ್ಲ. ಅದರ ಭಾರವನ್ನೂ ತಡೆಯಬೇಕಾದುದು ಪಿಕಪ್ಪಿನ ಬ್ರೇಕೇ. ಅದು ಕಾದು ಸೋತರೆ ಮುಂದಿನ ತಿರುವು ನಮ್ಮದಲ್ಲ. ಜಾತ್ರೆಗೋ ಮದುವೆಗೋ ಟ್ರೇಲರಿನಲ್ಲಿ ಜನರನ್ನು, ಅದರಲ್ಲೂ ಶಾಲೆಯ ಮಕ್ಕಳನ್ನು, ಕೂರಿಸಿಕೊಂಡು ಹೋಗುವ ವಾಡಿಕೆ ಇದೇ ಕಾರಣದಿಂದ ನಿಲ್ಲತಕ್ಕದ್ದು. ಮೂಟೆ ಉರುಳಿದರೆ ಮತ್ತೆ ತುಂಬಬಹುದು.

ಕಾಯಕವನ್ನು ಗೌರವಿಸುವವನು ಕಾಯಕದ ಉಪಕರಣವನ್ನೂ ಗೌರವಿಸಬೇಕು. ಮಠದ ಈ ವಿದ್ಯಾಲಯದಲ್ಲಿ ಓದಿ ತೋಟಕ್ಕೆ ಮರಳಿದ ಹಳೆಯ ವಿದ್ಯಾರ್ಥಿಗಳೂ, ಇಲ್ಲಿ ಪಾಠ ಹೇಳುವ ಅಧ್ಯಾಪಕ ಮಿತ್ರರೂ ಈ ವಿಷಯವನ್ನು ತಮ್ಮ ಮಕ್ಕಳಿಗೆ ತಿಳಿಸಲಿ ಎಂಬುದು ನನ್ನ ಬಿನ್ನಹ. ಗ್ಯಾರೇಜಿಗೆ ಹೋದಾಗ ‘ನಡುಗುತ್ತದೆ’ ಎಂದಷ್ಟೇ ಹೇಳದೆ, ‘ಹೊರೆಯಿದ್ದಾಗ, ಏರಿನಲ್ಲಿ ಹೊರಡುವಾಗ, ಪಾದದಡಿ ಅದಿರುತ್ತದೆ, ಟ್ರೇಲರಿಲ್ಲದಿದ್ದರೂ ಅದಿರುತ್ತದೆ’ ಎಂದು ಹೇಳಲು ಬಲ್ಲವನು ಅರ್ಧ ಚಿಕಿತ್ಸೆಯನ್ನು ತಾನೇ ಮಾಡಿ ಮುಗಿಸಿರುತ್ತಾನೆ. ಉಳಿದರ್ಧ ಮೆಕ್ಯಾನಿಕನ ಕೈಯಲ್ಲಿದೆ.